ದಡಕ್ಕೆ ಹೊರಟ ಚಿಪ್ಪು

ಕಡಲ ತಳದ ಬಂಡೆ ವರುಷಕ್ಕೆ ಎರಡು ಬೆರಳಗಲ ದಡದತ್ತ ಸರಿಯುತ್ತಿತ್ತು. ಅದರ ಬೆನ್ನೇರಿದ ಮುದಿ ಚಿಪ್ಪಿಗೆ ತಾನು ಹುಟ್ಟಿದ ದಡ ಸೇರುವುದೊಂದೇ ಆಸೆ. ಕೋಟಿ ವರುಷ ಕಳೆದು ದಡದ ಬುಡದ ಕಂದಕ ಬಂದಾಗ, ಜೊತೆಗಿದ್ದ ಕೆಸರು ದಡದ ಕಡೆಯ ಅಂಚಿಗೆ ಅಂಟಿಕೊಂಡು ಹೇಳಿತು: "ಅಜ್ಜೀ, ಇಲ್ಲೇ ಇಳಿದುಬಿಡು. ಬಂಡೆ ಇನ್ನು ಮುಳುಗುತ್ತದೆ."

"ತವರು ಕಣ್ಣೆದುರಿಗೆ ಬಂದಾಗ ಇಳಿಯುತ್ತಾರೇನೋ, ಪೆದ್ದ?" ಎಂದಿತು ಚಿಪ್ಪು.

ಬಂಡೆ ನೆಲದಡಿಗೆ ಜಾರಿತು. ಕತ್ತಲೆ ಕವಿದು ಕಾವು ಹೆಚ್ಚಿತು.

"ಬಂಡೆಯಣ್ಣಾ, ನನ್ನ ದಡವೆಲ್ಲಿ?"

"ನಿನ್ನ ನೆತ್ತಿಯ ಮೇಲೇ ಇದೆ, ತಾಯಿ. ಅದರಡಿಯಲ್ಲೇ ಹೋಗುತ್ತಿದ್ದೇವೆ."

"ನಿಲ್ಲಿಸಪ್ಪ."

"ನಿಲ್ಲುವುದು ನನ್ನ ಕೈಯಲ್ಲಿದ್ದರೆ ನಾನೇಕೆ ಮುಳುಗುತ್ತಿದ್ದೆ?"

ಚಿಪ್ಪು ಕರಗಿ ಆವಿಯಾಯಿತು. ಎಷ್ಟೋ ಕಾಲದ ಮೇಲೆ, ಜ್ವಾಲಾಮುಖಿಯ ಹೊಗೆಯಾಗಿ ಅದು ಅದೇ ದಡಕ್ಕೆ ಇಳಿದು ಬಂತು. ಅಲ್ಲಿನ ಚಿಪ್ಪುಗಳು, "ಯಾವುದೋ ಹಾಳು ಹೊಗೆ" ಎಂದು ಬಾಯಿ ಮುಚ್ಚಿಕೊಂಡವು.