ಹಿತ್ತಲಿನ ಅಮೆರಿಕ ರೈಲು

"ಬುದ್ಧಿ, ಪೂಜೆಗೆ ಕೂತವನು ಯಾರಾದರೂ ಕರೆದರೆ ಏಳಬೇಕೇ?"

ಕೇಳಿದವನು ಷಡಕ್ಷರಿ. ಮಠ ಸೇರಿ ಎರಡು ವರ್ಷವಾಗಿತ್ತು. ಹಿಂದಿನ ದಿನ ಅವನ ಅಕ್ಕ ಬಂದಿದ್ದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಗಂಡನ ಮನೆಯಲ್ಲಿ ಅವಳಿಗೆ ಸುಖವಿಲ್ಲ ಎಂಬುದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಈ ಸಲ ಅವಳ ಕೈಯಲ್ಲಿ ಬಟ್ಟೆ ತುಂಬಿದ ಚೀಲವಿತ್ತು. ಷಡಕ್ಷರಿ ಒಳಗೆ ಪೂಜೆಗೆ ಕೂತಿದ್ದ. ಅವಳು ಜಗಲಿಯ ಮೇಲೆ ಕಾದಳು. ಪ್ರಸಾದಕ್ಕೆ ಕರೆದರೆ ಬೇಡವೆಂದಳು. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಅಕ್ಕನ ದನಿ ಕಿವಿಗೆ ಬಿದ್ದರೂ ತಾನು ಮಿಸುಕಲಿಲ್ಲ, ಮನಸ್ಸು ಗಟ್ಟಿಯಾಗಿ ನಿಂತಿತು ಎಂದು ಷಡಕ್ಷರಿ ತಾನೇ ಗುರುಗಳಿಗೆ ವರದಿ ಒಪ್ಪಿಸಿದ್ದ. ಆಮೇಲೆ ಈ ಪ್ರಶ್ನೆ ಕೇಳಿದ್ದ. ಭೇಷ್ ಎಂಬ ಮಾತಿಗೆ ಕಾದಿದ್ದ.

ಗುರುಗಳು ಭೇಷ್ ಎನ್ನಲಿಲ್ಲ. ಕೂತುಕೋ ಎಂದರು. ಹೇಳತೊಡಗಿದರು.

ನಮ್ಮ ಮಠದ ಭಕ್ತನೊಬ್ಬನಿದ್ದಾನೆ, ಮುರುಗೇಂದ್ರಪ್ಪ ಅಂತ. ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು. ಆ ಕೆಲಸ ಎಂಥದ್ದು ಎಂದು ನಿನಗೆ ತಿಳಿಯದು. ಗಾಡಿಯ ಕಟ್ಟಕಡೆಗೆ ಒಂದು ಡಬ್ಬಿ, ಅದರೊಳಗೆ ಒಬ್ಬನೇ. ಮುಂದೆ ಎಂಜಿನ್ನಿನಲ್ಲಿ ಇಬ್ಬರಿರುತ್ತಾರೆ, ಏನಾದರೂ ಮಾತಾಡಿಕೊಳ್ಳುತ್ತಾರೆ. ಇವನಿಗೆ ಇರುವುದು ಒಂದು ಹಸಿರು ಬಾವುಟ, ಒಂದು ಕೆಂಪು ಬಾವುಟ. ಕೂರಲು ನೆಟ್ಟಗಿನ ಸೀಟಿಲ್ಲ. ಮಳೆ ಬಂದರೆ ಒಳಗೂ ಬಂತು. ಬಯಲಿನಲ್ಲಿ ಗಾಡಿ ನಿಂತರೆ ನಿಂತೇಬಿಟ್ಟಿತು, ಊಟವಿಲ್ಲ, ನೀರಿಲ್ಲ, ಕೇಳುವವರಿಲ್ಲ. ಅವನ ಆಯುಷ್ಯವೆಲ್ಲ ಹೀಗೆ ಕಳೆಯಿತು.

ಒಂದು ಸಲ ಯಾರೋ ಅವನಿಗೆ ಅಮೆರಿಕದ ರೈಲುಗಳ ಚಿತ್ರ ತೋರಿಸಿದರು. ಅಲ್ಲಿ ಗೂಡ್ಸ್ ಗಾಡಿಯ ಕೊನೆಗೆ ಕೆಂಪು ಬಣ್ಣದ ಮನೆ ಇತ್ತಂತೆ. ಹೌದಪ್ಪ, ಮನೆಯೇ. ಒಳಗೆ ಒಲೆ, ಮಲಗಲು ಹಾಸಿಗೆ, ಛಾವಣಿಯ ಮೇಲೆ ಕಿಟಕಿಯಿರುವ ಸಣ್ಣ ಗೂಡು. ಆ ಗೂಡಿನಲ್ಲಿ ಕೂತು ಗಾರ್ಡ್ ತನ್ನ ಇಡೀ ಗಾಡಿಯನ್ನು ನೋಡಿಕೊಳ್ಳಬಹುದು. ಮುರುಗೇಂದ್ರಪ್ಪನಿಗೆ ಅದರ ಹುಚ್ಚು ಹಿಡಿಯಿತು. ಗಾರ್ಡೂ ಒಬ್ಬ ಮನುಷ್ಯ ಎಂದು ತಿಳಿದ ದೇಶ ಅದು ಬುದ್ಧಿ ಎಂದು ನನ್ನ ಮುಂದೆಯೇ ಹೇಳಿದ. ನಿವೃತ್ತಿಯಾದ ಮೇಲೆ ಅಂಥದ್ದೊಂದು ರೈಲನ್ನು ಹಿತ್ತಲಿನಲ್ಲಿ ಕಟ್ಟುತ್ತೇನೆ ಎಂದ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಾವೆಲ್ಲ ನಕ್ಕೆವು.

ಕಟ್ಟಿಯೇಬಿಟ್ಟ. ಹಿತ್ತಲಿನಲ್ಲಿ ಸೌದೆ ಹಾಕುವ ತಗಡಿನ ಶೆಡ್ ಇತ್ತು. ಸೌದೆ ಖಾಲಿ ಮಾಡಿಸಿ, ನಾಲ್ಕು ಗೋಡೆಗೂ ಎದೆಮಟ್ಟಕ್ಕೆ ಹಲಗೆ ಹೊಡೆಸಿದ. ಹಲಗೆಯ ಮೇಲೆ ಒಂದು ಬೆರಳಗಲದ ಹಳಿ. ಕರೆಂಟಿನಲ್ಲಿ ಓಡುವ ಪುಟ್ಟ ಎಂಜಿನ್ನು, ಉದ್ದಕ್ಕೆ ಡಬ್ಬಿಗಳು, ಕೊನೆಗೆ ಆ ಕೆಂಪು ಮನೆ. ಎಲ್ಲೆಲ್ಲಿಂದಲೋ ಒಂದೊಂದಾಗಿ ತರಿಸಿದ. ಹಳೇ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ ಬೆಟ್ಟ ಮಾಡಿದ. ಅಮೆರಿಕದ ಬೆಟ್ಟ ಕೆಂಪಗಿರುತ್ತದೆ ಎಂದು ಕೆಮ್ಮಣ್ಣು ಬಳಿದ. ಮರದ ಹೊಟ್ಟಿಗೆ ಅರಿಸಿನ ಕಲಸಿ ಹರಡಿ ಗೋಧಿಯ ಹೊಲ ಎಂದ. ಕಣಿವೆಗೆ ಕಡ್ಡಿಯ ಸೇತುವೆ ಬೇಕಾಯಿತು. ಮಠಕ್ಕೆ ಬಂದು, ಉರಿದು ಉಳಿದ ಊದುಬತ್ತಿಯ ಕಡ್ಡಿಗಳನ್ನು ಆರಿಸಿ ಕಟ್ಟಿಕೊಂಡು ಹೋದ. ನಗು, ನಗು. ನಾನೂ ನಕ್ಕಿದ್ದೇನೆ. ಆದರೆ ಒಂದು ಸಲ ಹೋಗಿ ನೋಡಿದೆ. ಮನಸ್ಸಿಟ್ಟು ಮಾಡಿದ ಕೆಲಸ ಅದು, ಸುಳ್ಳು ಹೇಳಬಾರದು.

ಅವನ ಹೆಂಡತಿ ಹಾಲಮ್ಮ. ಮಗಳನ್ನು ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ ಇದ್ದರು. ಮೊದಮೊದಲು ಆಕೆಯೂ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಹಳೇ ರವಿಕೆಯ ಬಟ್ಟೆಯಲ್ಲಿ ಹೆಬ್ಬೆರಳಿನ ಗಾತ್ರದ ಮೂಟೆ ಹೊಲಿದು, ಒಳಗೆ ರಾಗಿ ತುಂಬಿ, ಡಬ್ಬಿಗಳಿಗೆ ಹೇರಲು ಕೊಡುತ್ತಿದ್ದಳು. ಅಮೆರಿಕದಲ್ಲಿ ರಾಗಿ ಎಲ್ಲಿದೆಯೇ ಎಂದು ಇವನು ಛೇಡಿಸುವುದು, ಅಲ್ಲಿಯ ಗಾರ್ಡಿಗೂ ಮುದ್ದೆ ಬೇಡವೇ ಎಂದು ಆಕೆ ಕೇಳುವುದು. ಮದುವೆಯಾದಂದಿನಿಂದ ಗಂಡನ ಜೊತೆ ಇಷ್ಟು ಹೊತ್ತು ಕೂತದ್ದು ಇದೇ ಮೊದಲು ಎಂದು ಆಕೆ ನನಗೆ ಹೇಳಿದಳು. ಹೇಳುವಾಗ ಆಕೆಗೆ ನಿಜವಾಗಿ ಸಂತೋಷವಿತ್ತು.

ಹಳಿ ಸುತ್ತಿಕೊಂಡು ಬಂದು ಬಾಗಿಲಿನ ಹತ್ತಿರ ನಿಂತಿತು. ಎರಡು ತುದಿ ಕೂಡಬೇಕಾದರೆ ಬಾಗಿಲಿಗೆ ಅಡ್ಡವಾಗಿ ಹೋಗಬೇಕು. ಮುರುಗೇಂದ್ರಪ್ಪ ಅಲ್ಲಿಗೆ ತೆಗೆದಿಡುವಂಥ ಒಂದು ಸೇತುವೆ ಮಾಡಿದ. ಕೂರಿಸಿ ಚಿಲಕ ಹಾಕಿದರೆ ಗಾಡಿ ಓಡುತ್ತದೆ. ತೆಗೆದರೆ ಮನುಷ್ಯ ಓಡಾಡಬಹುದು. ಆದರೆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಸೇತುವೆ ಕೂರಿಸಿದ ಮೇಲೆ ಹೊರಗಿನವರು ತಳ್ಳಿದರೂ ತೆರೆಯುವುದಿಲ್ಲ. ಬಾಗಿಲನ್ನು ಹೊರಕ್ಕೆ ತಿರುಗಿಸಿಕೊಡುತ್ತೇನೆ ಎಂದು ಬಡಗಿ ಹೇಳಿದ. ಇವನು ಕೇಳಲಿಲ್ಲ. ರೈಲು ಎಂದ ಮೇಲೆ ಗೇಟು ಬೀಳಬೇಕು, ಜನ ನಿಲ್ಲಬೇಕು ಎಂದ.

ಅಲ್ಲಿಂದ ಒಂದು ಕಟ್ಟಳೆ ಶುರುವಾಯಿತು. ಗಾಡಿ ಲೈನಿನ ಮೇಲಿರುವಾಗ ಸೇತುವೆ ತೆಗೆಯುವಂತಿಲ್ಲ. ಹಾಲಮ್ಮ ಕಾಫಿ ತಂದು ಬಾಗಿಲು ತಟ್ಟಿದರೆ ಒಳಗಿನಿಂದ ಗಾಡಿ ಲೈನಿನ ಮೇಲಿದೆ ಎಂಬ ಉತ್ತರ ಬರುತ್ತಿತ್ತು. ಗಾಡಿ ಒಂದು ಸುತ್ತು ಮುಗಿಸಿ ಸ್ಟೇಷನ್ನಿಗೆ ಬಂದು ನಿಂತ ಮೇಲೆ ಸೇತುವೆ ಏಳುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಬೇರೆ ಹೆಂಗಸಾಗಿದ್ದರೆ ಕಾಫಿಯನ್ನು ಬಾಗಿಲಿಗೇ ಎರಚುತ್ತಿದ್ದಳು. ಹಾಲಮ್ಮ ಗಾರ್ಡಿನ ಹೆಂಡತಿ. ಗಾಡಿ ಲೈನಿನ ಮೇಲಿದೆ ಎಂದರೆ ಆಕೆಗೆ ಮುಗಿಯಿತು. ಆ ಮಾತಿಗೆ ಎದುರು ಮಾತಿಲ್ಲ. ಮಗಳನ್ನು ಹೆರುವಾಗಲೂ ರೈಲ್ವೆಯವರ ಬಾಯಲ್ಲಿ ಆ ಮಾತು ಕೇಳಿಯೇ ಒಬ್ಬಳೇ ಆಸ್ಪತ್ರೆಗೆ ನಡೆದುಹೋದವಳು. ಆದ್ದರಿಂದ ಹೊರಗೆ ನಿಂತು ಕಾಯುತ್ತಿದ್ದಳು. ಗಾಡಿ ಎಲ್ಲಿದೆ ಎಂದು ಸದ್ದಿನಲ್ಲೇ ಹೇಳುವಷ್ಟು ರೂಢಿಯಾಯಿತು ಆಕೆಗೆ. ಈಗ ಬೆಟ್ಟದ ಹಿಂದೆ, ಈಗ ಕಣಿವೆಯಲ್ಲಿ, ಈಗ ಸ್ಟೇಷನ್ನಿನಲ್ಲಿ ನಿಂತಿತು.

ಹೀಗಿರುವಾಗ ಹಾಲಮ್ಮನ ಎದೆಯಲ್ಲಿ ಒಂದು ಗೆಡ್ಡೆ ಕಾಣಿಸಿಕೊಂಡಿತು. ಊರಿನ ಡಾಕ್ಟರು ಮುಟ್ಟಿ ನೋಡಿ, ತಡ ಮಾಡಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ ಕೊಯ್ಯಿಸಿ ನೋಡಬೇಕು ಎಂದರು. ಮುರುಗೇಂದ್ರಪ್ಪನ ತಾಯಿ ಇಂಥದ್ದರಲ್ಲೇ ಹೋಗಿದ್ದಳು. ನೋಡೋಣ ಎಂದ. ಹಬ್ಬ ಕಳೆಯಲಿ ಎಂದ. ಹಬ್ಬ ಕಳೆದ ಮೇಲೆ ಮತ್ತೆ ನೋಡೋಣ ಎಂದ. ಸಂಜೆ ಓಡುತ್ತಿದ್ದ ಗಾಡಿ ಈಗ ಬೆಳಗಿನಿಂದಲೇ ಓಡತೊಡಗಿತು. ಹೆಂಡತಿಯ ಮುಖ ನೋಡಿದರೆ ಅವನಿಗೆ ಭಯ. ಶೆಡ್ಡಿನಲ್ಲಿ ಭಯವಿಲ್ಲ, ಅಲ್ಲಿ ಬೆಟ್ಟವಿದೆ, ಹೊಲವಿದೆ, ಗಾಡಿ ಹೇಳಿದ ಹಾಗೆ ಕೇಳುತ್ತದೆ.

ಹಾಲಮ್ಮ ಜಗಳವಾಡಲಿಲ್ಲ. ಒಂದೇ ಮಾತು ಕೇಳಿಕೊಂಡಳು. ಕೊಯ್ಯಿಸುವುದಕ್ಕೆ ತಾನು ಸಿದ್ಧ, ಆದರೆ ಒಳಗೆ ಕರೆದುಕೊಂಡು ಹೋಗುವ ಹೊತ್ತಿಗೆ ನೀವು ಪಕ್ಕದಲ್ಲಿರಬೇಕು, ನನಗೆ ಹೆದರಿಕೆಯಾಗುತ್ತದೆ ಎಂದಳು. ಆಗಲಿ ಎಂದು ಇವನು ಮಾತು ಕೊಟ್ಟ. ಅಷ್ಟು ವರ್ಷದ ಸಂಸಾರದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಆಪರೇಷನ್ನಿಗೆಂದು ಆಸ್ಪತ್ರೆಗೆ ಸೇರಬೇಕಾದ ದಿನ ಆಕೆಯ ತಮ್ಮ ಕಾರು ತಂದ. ಹಾಲಮ್ಮ ಸೀರೆ ಉಟ್ಟು, ವಿಭೂತಿ ಧರಿಸಿ, ಹಿತ್ತಲಿಗೆ ಬಂದಳು. ಶೆಡ್ಡಿನ ಬಾಗಿಲು ಹಾಕಿತ್ತು. ಒಳಗೆ ಗಾಡಿ ಓಡುತ್ತಿತ್ತು. ಆಕೆ ತಟ್ಟಿದಳು.

"ರೀ, ಕಾರು ಬಂದಿದೆ."

"ಗಾಡಿ ಲೈನಿನ ಮೇಲಿದೆ. ಸ್ಟೇಷನ್ನಿಗೆ ಬರಲಿ."

"ಬರಲಿ ಬಿಡ್ರಿ. ನಿಂತಿರ್ತೀನಿ."

ಇಲ್ಲಿಯವರೆಗೆ ಸುಮ್ಮನಿದ್ದ ಷಡಕ್ಷರಿ ಈಗ ಬಾಯಿ ಹಾಕಿದ. "ಗಾಡಿ ಲೈನಿನ ಮೇಲೆ ಇತ್ತಲ್ಲ ಬುದ್ಧಿ. ಅವನದು ಏನು ತಪ್ಪು?"

ಗುರುಗಳು ಅವನನ್ನು ನೋಡಿದರು. ಅವಸರಪಡಬೇಡ, ಕೇಳು ಎಂದರು.

ಗಾಡಿ ಸ್ಟೇಷನ್ನಿಗೆ ಬಂತು. ನಿಂತಿತು. ಇದನ್ನು ನನಗೆ ಹೇಳಿದವನು ಅವನೇ, ಬೇರೆ ಯಾರೂ ಅಲ್ಲ. ಗಾಡಿ ನಿಂತಿದೆ, ಸದ್ದಿಲ್ಲ, ಬಾಗಿಲಿನ ಆಚೆ ಆಕೆ, ಈಚೆ ಇವನು. ಸೇತುವೆಯ ಚಿಲಕ ಕೈಗೆ ಎಟುಕುವಷ್ಟು ಹತ್ತಿರದಲ್ಲಿದೆ. ಚಿಲಕ ತೆಗೆದರೆ ಬಾಗಿಲು, ಬಾಗಿಲು ತೆರೆದರೆ ಕಾರು, ಕಾರು ಹತ್ತಿದರೆ ಆಸ್ಪತ್ರೆ. ಅವನ ಕೈ ಚಿಲಕದ ಕಡೆಗೆ ಹೋಗಲಿಲ್ಲ. ಕರೆಂಟಿನ ಗುಂಡಿಯ ಕಡೆಗೆ ಹೋಯಿತು. ಗುಂಡಿ ತಿರುಗಿಸಿದ. ಗಾಡಿ ಮತ್ತೆ ಹೊರಟಿತು.

ಆಕೆ ಹೊರಗೆ ನಿಂತು ಕೇಳಿಸಿಕೊಂಡಳು. ನಿಂತದ್ದನ್ನೂ ಕೇಳಿದಳು, ಹೊರಟದ್ದನ್ನೂ ಕೇಳಿದಳು. ಮತ್ತೆ ತಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೀದಿಯ ಕಡೆಯಿಂದ ಕಾರು ಹೊರಟ ಸದ್ದು ಬಂತು. ಒಳಗೆ ಗಾಡಿ ಬೆಟ್ಟದ ಹಿಂದೆ ಇತ್ತು. ಅವನು ನಿಲ್ಲಿಸಲಿಲ್ಲವಂತೆ. ನಿಲ್ಲಿಸಿದರೆ ತಾನು ಮಾಡಿದ್ದೇನು ಎಂದು ತಿಳಿಯುತ್ತದೆ ಎಂದು ಅದನ್ನು ಓಡಿಸುತ್ತಲೇ ಇದ್ದನಂತೆ. ಕತ್ತಲಾದ ಮೇಲೆ ಪಕ್ಕದ ಮನೆಯವರು ಬಂದು ಕೂಗಿದಾಗ ಹೊರಗೆ ಬಂದ. ಆಪರೇಷನ್ ಆಗಿದೆ, ಜೀವಕ್ಕೆ ಭಯವಿಲ್ಲ, ಫೋನ್ ಬಂದಿತ್ತು ಎಂದು ಅವರು ಹೇಳಿದರು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಆಕೆಯನ್ನು ಒಳಗೆ ಕರೆದುಕೊಂಡು ಹೋಗುವಾಗ ಪಕ್ಕದಲ್ಲಿದ್ದವನು ತಮ್ಮ.

ಹಾಲಮ್ಮ ಬದುಕಿದಳು. ಈಗಲೂ ಇದ್ದಾಳೆ, ಚೆನ್ನಾಗಿದ್ದಾಳೆ. ಮನೆಗೆ ಕರೆತಂದ ಮೇಲೆ ಮುರುಗೇಂದ್ರಪ್ಪ ಮಾಡಿದ ಸೇವೆಯನ್ನು ತಾಯಿಯೂ ಮಾಡುವುದಿಲ್ಲ. ಗಂಜಿ ಕಾಸಿದ. ಗಾಯ ತೊಳೆದ. ತಲೆ ಬಾಚಿ ಜಡೆ ಹೆಣೆದ, ಅದೂ ಸೊಟ್ಟಗೆ. ಆಕೆ ಆ ಜಡೆಯಲ್ಲೇ ಬಂದವರ ಮುಂದೆ ಕೂತಳು. ಬಡಗಿಯನ್ನು ಕರೆಸಿ ಶೆಡ್ಡಿನ ಬಾಗಿಲನ್ನು ಹೊರಕ್ಕೆ ತಿರುಗಿಸಿದ. ಆಮೇಲೆ ಅದೂ ಸಾಲದೆಂದು ಸೇತುವೆಯನ್ನೇ ಮುರಿದು ಒಲೆಗೆ ಹಾಕಿದ. ಬಾ, ಸ್ಟೂಲು ಹಾಕಿದ್ದೇನೆ, ಕೂತುಕೋ ಎಂದು ಕರೆದ. ಬರುತ್ತೇನೆ, ಕೆಲಸವಿದೆ ಎಂದಳು. ಹಿತ್ತಲಿಗೆ ಬರುತ್ತಾಳೆ, ಬಟ್ಟೆ ಒಣಗಿಸುತ್ತಾಳೆ, ನುಗ್ಗೆಸೊಪ್ಪು ಕೀಳುತ್ತಾಳೆ. ಶೆಡ್ಡಿನ ಹೊಸ್ತಿಲು ಮಾತ್ರ ಇವತ್ತಿನವರೆಗೂ ತುಳಿದಿಲ್ಲ. ಸಿಟ್ಟಿಲ್ಲ, ಮೌನವಿಲ್ಲ, ಊಟಕ್ಕೆ ಬಡಿಸುತ್ತಾಳೆ, ಮಗಳ ಮನೆಯ ಸುದ್ದಿ ಹೇಳುತ್ತಾಳೆ. ಆದರೆ ತನಗೆ ಇದು ಬೇಕು ಎಂದು ಅವನ ಹತ್ತಿರ ಆಮೇಲೆ ಏನನ್ನೂ ಕೇಳಿಲ್ಲ.

ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. ಆಕೆಯ ಮುಂದೆ ಕೂತು ಕೈಮುಗಿದ. ಅವತ್ತಿನದನ್ನು ಕ್ಷಮಿಸಿಬಿಡು ಎಂದ.

ಹಾಲಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅದರಲ್ಲಿ ಕ್ಷಮಿಸೋದೇನಿದೆ ಬಿಡ್ರಿ. ಗಾಡಿ ಲೈನಿನ ಮೇಲಿತ್ತಲ್ಲ" ಎಂದಳು.

ಅದನ್ನು ಹೇಳಿಕೊಂಡು ಅವನು ಇಲ್ಲಿ, ನೀನು ಕೂತಿದ್ದೀಯಲ್ಲ, ಅಲ್ಲೇ ಕೂತು ಅತ್ತ. ಸುಳ್ಳ ಎಂದು ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ ಬುದ್ಧಿ, ನನ್ನ ಸುಳ್ಳನ್ನು ಅವಳೇ ಕಾಯುತ್ತಿದ್ದಾಳೆ, ಯಾವ ಬಾಯಲ್ಲಿ ನಿಜ ಹೇಳಲಿ ಎಂದ. ಗಾಡಿ ಈಗ ಓಡುವುದಿಲ್ಲ, ದೂಳು ಹಿಡಿದು ನಿಂತಿದೆ.

ಗುರುಗಳು ಕತೆ ನಿಲ್ಲಿಸಿದರು. ಷಡಕ್ಷರಿಗೆ ಸಮಾಧಾನವಾಗಲಿಲ್ಲ. ಮುಖ ಬಿಗಿದಿತ್ತು. ಅದು ಆಟದ ಸಾಮಾನು, ಪೂಜೆ ಆಟವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೇ ಎಂದು ಕೇಳಿದ. ಪೂಜೆಯ ನಡುವೆ ಏಳಬಾರದು ಎಂದು ತಾವೇ ಕಲಿಸಿದ್ದೀರಿ ಎಂದೂ ಹೇಳಿದ.

ಗುರುಗಳು ಒಪ್ಪಿಕೊಂಡರು. ಪೂಜೆ ಆಟವಲ್ಲ, ನಡುವೆ ಏಳಬಾರದು, ನಾನೇ ಕಲಿಸಿದ್ದು ನಿಜ ಎಂದರು. ಆಮೇಲೆ ದನಿ ಏರಿಸದೆ ಕೇಳಿದರು.

"ನಿನ್ನೆ ನಿನ್ನ ಪೂಜೆ ಮುಗಿದದ್ದು ನಿಮ್ಮಕ್ಕ ಹೋಗುವ ಮೊದಲೋ, ಹೋದ ಮೇಲೋ?"