ಹಿತ್ತಾಳೆ ಹೂದಾನಿಯ ನೀರು

ಹೊಳೆದಂಡೆಯ ಹಳೆಯ ಚರ್ಚು. ಅಲ್ಲಿ ಪ್ರಭುಭೋಜನದ ಮೇಜಿಗೆ ಹೂವಿಡುವ ಕೆಲಸ ನಲವತ್ತು ವರ್ಷದಿಂದ ಸಲೋಮಿಯಮ್ಮನದು. ಈಗ ಅವರ ಕಣ್ಣಿಗೆ ಪೊರೆ ಬಂದಿತ್ತು.

ದೀನಾ ಅವರ ಬಳಿ ಕಲಿಯಲು ಬಂದು ಆರು ವರ್ಷ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಹೂದಾನಿಗಳನ್ನು ತಿಕ್ಕುವಳು, ಕಿಟಕಿಗಳಿಗೆ ಹೂವಿಡುವಳು, ಎಲ್ಲಕ್ಕೂ ನೀರು ಹಾಕುವಳು. 'ಚೆನ್ನಾಗಿದೆ' ಎಂಬ ಮಾತನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಪ್ರಿಸಿಲ್ಲ ಬಂದು ಆರು ವಾರ.

ಈಸ್ಟರಿನ ಹಿಂದಿನ ದಿನ, ಪ್ರಿಸಿಲ್ಲ ಕಿಟಕಿಯಲ್ಲಿಟ್ಟ ಹೂಗಳನ್ನು ಸಲೋಮಿಯಮ್ಮ ಬೆರಳಿನಿಂದ ಸವರಿದರು.

"ಕೈ ಚೆನ್ನಾಗಿದೆ ಕಣೇ. ಹಬ್ಬದ ಮೇಜು ನೀನೇ ಮಾಡು."

ದೀನಾಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

"ನಾನು, ಅಮ್ಮ?"

"ನೀರು ನೀನು ಹಾಕು. ಅದನ್ನ ಬೇರೆಯವರಿಗೆ ಬಿಡೋಕೆ ನಂಗೆ ಧೈರ್ಯ ಇಲ್ಲ."

ಈ ಮಾತು ದೀನಾಳ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಪ್ರಿಸಿಲ್ಲ ಬಿಳಿ ಜರ್ಬೆರಾ ಹೂಗಳನ್ನು ಮೇಜಿನ ಹೂದಾನಿಯಲ್ಲಿ ಜೋಡಿಸಿದಳು. "ಅಕ್ಕಾ, ಎಷ್ಟು ನೀರು ಬೇಕೋ ನಂಗೊತ್ತಿಲ್ಲ. ಇದಕ್ಕೂ ನೀವೇ ಹಾಕ್ತೀರಲ್ವಾ?"

"ನೀನು ನಡಿ. ನಾನು ನೋಡ್ಕೋತೀನಿ."

ದೀನಾ ಎಂಟು ಕಿಟಕಿಗಳ ಹೂದಾನಿಗಳಿಗೆ ನೀರು ಹಾಕಿ, ಮೇಜಿನ ಮುಂದೆ ನಿಂತಳು. ಹಿತ್ತಾಳೆಯೊಳಗೆ ಏನಿದೆ, ಏನಿಲ್ಲ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.

ತಂಬಿಗೆಯನ್ನು ಬೋರಲು ಹಾಕಿ ಮನೆಗೆ ಹೋದಳು.

ಬೆಳಿಗ್ಗೆ ಆರಾಧನೆಗೆ ಇನ್ನೂ ಒಂದು ತಾಸಿತ್ತು.

"ಅಮ್ಮ, ಮೇಜಿನ ಹೂವೆಲ್ಲ ಕತ್ತು ಬಗ್ಗಿಸಿಬಿಟ್ಟಿವೆ," ಎಂದಳು ದೀನಾ. ದನಿಯಲ್ಲಿ ಮರುಕವನ್ನು ಚೆನ್ನಾಗಿಯೇ ತಂದುಕೊಂಡಿದ್ದಳು. "ಹೊಸಬರ ಕೈಗೆ ಕೊಟ್ರೆ ಹೀಗೇ."

ಪ್ರಿಸಿಲ್ಲಳ ಕಣ್ಣು ತುಂಬಿತು. "ದಂಟು ಕತ್ತರಿಸಿದ್ದು ತಪ್ಪಾಯ್ತೇನೋ, ಅಮ್ಮ. ಇನ್ಮೇಲೆ ನಾನು ಮೇಜು ಮುಟ್ಟಲ್ಲ."

ಇದೇ ಮಾತಿಗೆ ದೀನಾ ನಿನ್ನೆಯಿಂದ ಕಾದಿದ್ದಳು. ಕೇಳಿದ ಮೇಲೂ ಹೊಟ್ಟೆಯ ಉರಿ ಯಾಕೋ ಆರಲಿಲ್ಲ.

"ಅಳಬೇಡ," ಎಂದರು ಸಲೋಮಿಯಮ್ಮ. "ಪಾದ್ರಿ ಅಯ್ಯನವರ ಮನೆ ಹಿತ್ತಲಿಂದ ಏನು ಸಿಗುತ್ತೋ ಕೊಯ್ಕೊಂಡು ಬಾ."

ಪ್ರಿಸಿಲ್ಲ ಓಡಿದಳು.

"ದೀನಾ, ಬೆಳಗಿನ ನೀರು ಹಾಕು."

ರಾತ್ರಿ ಹೂಗಳು ಕುಡಿದಷ್ಟನ್ನು ಬೆಳಿಗ್ಗೆ ತುಂಬಿಸುವುದು ಅಲ್ಲಿನ ವಾಡಿಕೆ. ಸಲೋಮಿಯಮ್ಮ ಬೆನ್ನು ತಿರುಗಿಸಿ ಕೂತು, ಮೇಜಿನ ಬಿಳಿ ಬಟ್ಟೆಯ ಮಡಿಕೆಗಳನ್ನು ಬಿಡಿಸತೊಡಗಿದರು.

ಕಿಟಕಿಯ ಹೂದಾನಿಗಳು ಒಂದೊಂದು ಗುಟುಕಿಗೇ ತುಂಬಿದವು.

ದೀನಾ ತಂಬಿಗೆಯನ್ನು ಮತ್ತೆ ತುಂಬಿಸಿಕೊಂಡು ಮೇಜಿನ ಹೂದಾನಿಗೆ ಬಗ್ಗಿಸಿದಳು. ಖಾಲಿ ಹಿತ್ತಾಳೆಯ ತಳಕ್ಕೆ ನೀರು ಢಣ್ಣೆಂದು ಬಿತ್ತು. ಆ ಸದ್ದು ಗೋಡೆಗೆ ಬಡಿದು ಬಂತು. ಮೆಲ್ಲಗೆ ಸುರಿದರೂ ಸದ್ದು ನಿಲ್ಲದು.

ಬಟ್ಟೆ ಬಿಡಿಸುತ್ತಿದ್ದ ಕೈ ನಿಂತಿತು.

"ಬಹಳ ಕುಡೀತಲ್ಲ?"

"ಸೆಕೆ ಅಲ್ವಾ, ಅಮ್ಮ. ಬಾಯಾರಿರಬೇಕು."

"ಯಾರಿಗೆ?"

ದೀನಾ ಬಗ್ಗಿಸಿದ್ದ ತಂಬಿಗೆಯನ್ನು ನೆಟ್ಟಗೆ ಹಿಡಿದಳು.

ಸಲೋಮಿಯಮ್ಮ ಬೆಂಚುಗಳನ್ನು ಹಿಡಿದುಕೊಂಡು ಹತ್ತಿರ ಬಂದರು. ಅವಳ ಕೈಯೊಳಗಿನ ತಂಬಿಗೆಯನ್ನು ಮೆಲ್ಲಗೆ ಅಲುಗಿಸಿದರು. ತಳದಲ್ಲಿ ನೀರು ತುಳುಕಿತು.

"ಇನ್ನೂ ಸ್ವಲ್ಪ ಇದೆ. ಇದನ್ನ ನೀನು ಕುಡಿ, ಮಗಳೇ."