ಸಾಸಿವೆಯ ಮನೆಗೆ ಬಂದ ಗಬ್ಬು ನೆಂಟ

ಭೂಮಿಯ ಮಣ್ಣು ಇನ್ನೂ ಬೆಚ್ಚಗಿದ್ದ ಕಾಲ. ಗಿಡಗಳಿಗೆ ಆಗ ಮಾತು ಬರುತ್ತಿತ್ತು, ಜಂಬವೂ ಜಾಸ್ತಿಯೇ ಇತ್ತು. ಆಗಿನ ಸಾಸಿವೆಗೆ ಚೂರೂ ಘಾಟಿರಲಿಲ್ಲ ಅಂದರೆ ನಂಬುತ್ತೀಯಾ ಪುಟ್ಟಿ? ಅಗಿದರೆ ಸಪ್ಪೆ, ಬರೀ ಸಪ್ಪೆ!

ಒಂದು ದಿನ ಬೆಂಕಿಬೆಟ್ಟದ ಗಂಧಕ ಮಳೆಯ ಜೊತೆ ಇಳಿದು ಬಂದ. ಸಾಸಿವೆಯಮ್ಮನ ಬೇರು ತಟ್ಟಿದ. "ಒಳಗೆ ಬರಲಾ ತಾಯಿ?"

"ಥೂ! ಕೊಳೆತ ಮೊಟ್ಟೆ ವಾಸನೆ! ಮನೆಯಲ್ಲಿ ಎಳೆಗೂಸಿದೆ, ಆಚೆ ನಡಿ!" ಎಂದು ಅವಳು ಬೇರು ಬಿಗಿಮಾಡಿಕೊಂಡಳು. ಪಾಪ, ಗಂಧಕ ಮಣ್ಣಿನ ಮೂಲೆಯಲ್ಲೇ ಕೂತ.

ಕೆಲವು ದಿನಕ್ಕೆ ಅವಳ ಕೂಸು, ತುದಿಯ ಪುಟ್ಟ ಎಲೆ, ಹಳದಿಯಾಯಿತು. ಪಕ್ಕದ ಜೋಳದಮ್ಮ ಇಣುಕಿ ನೋಡಿದಳು. "ಏನಮ್ಮಾ, ಕೂಸಿಗೆ ಅರಿಸಿನ ಹಚ್ಚಿ ತೊಟ್ಟಿಲಿಗೆ ಹಾಕ್ತಿದ್ದೀಯ, ನಮ್ಮನ್ನು ಕರೆಯಲೇ ಇಲ್ಲ!"

ಸಾಸಿವೆಯಮ್ಮ ಅರಿಸಿನ ಹಚ್ಚಿರಲಿಲ್ಲ. ದೇವರೇ ಹಚ್ಚಿರಬೇಕು ಅಂದುಕೊಂಡು ಹಿಗ್ಗಿದಳು. ಊರಿಗೆಲ್ಲ ಕರೆ ಹೋಯಿತು. ದುಂಬಿ ಜೋಗುಳ ಹಾಡಿತು.

ಹರಸಲು ಬಂದ ಗಾಳಿ ಪುಟ್ಟ ಎಲೆಯನ್ನು ಮುಟ್ಟಿ ಗಕ್ಕನೆ ನಿಂತಿತು. "ಅಯ್ಯಯ್ಯೋ! ಇದು ಅರಿಸಿನವಲ್ಲ ಕಣಮ್ಮಾ! ಕೂಸಿನ ಮೈಯಲ್ಲಿ ಹಸಿರೇ ಇಲ್ಲ!"

ಜೋಗುಳ ಅರ್ಧಕ್ಕೇ ನಿಂತಿತು. ಸಾಸಿವೆಯಮ್ಮ ಕೂಸನ್ನು ಬಾಚಿ ಅಪ್ಪಿಕೊಂಡಳು. ಮಗು ಸಾಯುತ್ತಿರುವಾಗ ತಾನು ಹಬ್ಬ ಮಾಡುತ್ತಿದ್ದಳಲ್ಲ!

ಬುಡದ ಹಸಿರೆಲೆಯಜ್ಜಿ ಅಂದಳು, "ಬೇರೆ ಹಸಿವಾಗಿದ್ದರೆ ನನ್ನ ಪಾಲನ್ನೇ ಮೇಲಕ್ಕೆ ಕಳಿಸುತ್ತಿದ್ದೆ. ಇದು ಗಂಧಕದ ಹಸಿವು. ಹಿಂದೆ ಮಣ್ಣಲ್ಲಿದ್ದ ಚೂರು ಗಂಧಕ ನಾನು ಉಂಡೆ. ಅದು ನನ್ನ ಮೈಗೇ ಅಂಟಿಬಿಟ್ಟಿದೆ. ಎಷ್ಟು ಹಿಂಡಿಕೊಂಡರೂ ಕೂಸಿಗೆ ಏರುತ್ತಿಲ್ಲವಲ್ಲೇ!"

ಸಾಸಿವೆಯಮ್ಮ ಬೇರು ಚಾಚಿ ಮಣ್ಣೆಲ್ಲ ತಡಕಿದಳು. "ಗಂಧಕಣ್ಣಾ, ತಪ್ಪಾಯ್ತು. ನನ್ನ ಕೂಸನ್ನು ಉಳಿಸಪ್ಪಾ!"

"ನಾನು ಬಂದರೆ ನನ್ನ ವಾಸನೆಯೂ ಬರುತ್ತದಮ್ಮಾ."

"ಬರಲಿ! ಒಂದೊಂದು ಕಾಳಿನಲ್ಲೂ ಅದಕ್ಕೆ ಜಾಗ ಕೊಡುತ್ತೇನೆ. ಮಾತು ಕೊಟ್ಟೆ!"

ಗಂಧಕ ಬೇರಿನಿಂದ ತುದಿಯವರೆಗೂ ಓಡಿದ. ಪುಟ್ಟ ಎಲೆ ಮೆಲ್ಲಗೆ, ಮೆಲ್ಲಮೆಲ್ಲಗೆ ಹಸಿರಾಯಿತು.

ಇವತ್ತಿಗೂ ಹೊಲದಲ್ಲಿ ಗಂಧಕ ಸಾಲದೆ ಹೋದರೆ ಮೊದಲು ಹಳದಿಯಾಗುವುದು ತುದಿಯ ಕೂಸೆಲೆಯೇ. ಇನ್ನು ಉಪ್ಪಿನಕಾಯಿಗೆ ಸಾಸಿವೆ ಅರೆಯುವಾಗ ಗಂಧಕ ತಂದ ಘಾಟು ಮೂಗಿಗೆ ರಪ್ಪನೆ ಬಡಿಯುತ್ತದಲ್ಲ, ಆಗ ಥೂ ಅನ್ನಬೇಡ ಪುಟ್ಟಿ: ಒಬ್ಬ ತಾಯಿ ಅಂದು ಕೊಟ್ಟ ಮಾತನ್ನು ಇಂದಿಗೂ ಉಳಿಸಿಕೊಂಡಿದ್ದಾಳೆ.